ಹೈಪರ್‌ಕಾರ್ಡ್ ಮತ್ತು ಅದರ ವಾರಸುದಾರರು

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮಕ್ಕಳಿಗಾಗಿ ಪವರ್‌ಪಾಯಿಂಟ್‌ನಲ್ಲಿ ರಸಪ್ರಶ್ನೆ ತಯಾರಿಸುವ ಅಭ್ಯಾಸವಿದೆ. ಸರಿ ಉತ್ತರವನ್ನು ಒತ್ತಿದರೆ ಒಂದು ಸ್ಲೈಡಿಗೆ, ತಪ್ಪು ಉತ್ತರವನ್ನು ಒತ್ತಿದರೆ ಇನ್ನೊಂದಕ್ಕೆ ಹೋಗುವಂತೆ ಜೋಡಿಸುತ್ತೇನೆ. ಆದರೆ ಅಂಕ ಎಣಿಸುವುದು ಮಾತ್ರ ಕೈಗೆ ಹತ್ತಲಿಲ್ಲ. ಇದನ್ನು ನೋಡಿದ ಬಂಧುವೊಬ್ಬರು, "ಹೈಪರ್‌ಕಾರ್ಡ್ ಇದ್ದಿದ್ದರೆ ಇದು ಒಂದೇ ಸಾಲಿನ ಕೆಲಸವಾಗಿತ್ತು" ಎಂದರು. ಹೈಪರ್‌ಕಾರ್ಡ್ ಎಂದರೇನು? ಅಷ್ಟು ಸುಲಭವಾಗಿದ್ದದ್ದು ಏಕೆ ಉಳಿಯಲಿಲ್ಲ? ಈಗ ಅದರ ಜಾಗದಲ್ಲಿ ಏನಿದೆ?

ಉತ್ತರ: ನಿಮ್ಮ ಬಂಧುಗಳ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಹೈಪರ್‌ಕಾರ್ಡ್ ಎಂದರೆ 1987ರಲ್ಲಿ ಆ್ಯಪಲ್ ತನ್ನ ಮ್ಯಾಕಿಂಟಾಷ್ ಕಂಪ್ಯೂಟರಿಗೆ ತಂದ, ಪರದೆಯ ಮೇಲಿನ ಕಾರ್ಡುಗಳನ್ನು ಜೋಡಿಸಿ ಸಾಮಾನ್ಯರೂ ತಮ್ಮದೇ ಪ್ರೋಗ್ರಾಂ ಮಾಡಿಕೊಳ್ಳಬಹುದಾಗಿದ್ದ ತಂತ್ರಾಂಶ. ಹೈಪರ್‌ಕಾರ್ಡ್‌ನಲ್ಲಿ ಸರಿ ಉತ್ತರದ ಬಟನ್ನಿನೊಳಗೆ 'ಆ್ಯಡ್ 1 ಟು ಫೀಲ್ಡ್' ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದೆ ಅಂಕದ ಚೌಕದ ಹೆಸರನ್ನು ಸೇರಿಸಿದರೆ ಮುಗಿಯಿತು. ಪರದೆಯ ಮೇಲಿನ ಆ ಚೌಕದಲ್ಲಿ 4 ಇದ್ದದ್ದು 5 ಆಗುತ್ತಿತ್ತು. ಸಂಖ್ಯೆಯನ್ನು ಕಣ್ಣಿಗೆ ಕಾಣದ ಯಾವುದೋ ಜಾಗದಲ್ಲಿ ಇಟ್ಟುಕೊಂಡು, ಅದು ಬದಲಾದಾಗಲೆಲ್ಲ ಪರದೆಯ ಮೇಲೆ ಮತ್ತೆ ಬರೆಯುವ ಗೋಜು ಇರಲಿಲ್ಲ, ಏಕೆಂದರೆ ಕಾಣುವ ಚೌಕವೇ ಸಂಖ್ಯೆಯನ್ನು ಕಾಪಿಡುವ ಜಾಗವೂ ಆಗಿತ್ತು. ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಡಿ. ಕಾಣುವುದಕ್ಕೂ ಇರುವುದಕ್ಕೂ, ಬಳಸುವುದಕ್ಕೂ ತಯಾರಿಸುವುದಕ್ಕೂ ನಡುವೆ ಗೋಡೆ ಕಟ್ಟದಿರುವುದೇ ಹೈಪರ್‌ಕಾರ್ಡ್‌ನ ಸ್ವಭಾವ. ಅದರ ಮುಂದಿನ ಕಥೆಯೆಲ್ಲ ಆ ಗೋಡೆ ಮತ್ತೆ ಮತ್ತೆ ಎದ್ದ ಕಥೆ.

ನೀವು ಬಳಸುವ ಪವರ್‌ಪಾಯಿಂಟ್ ಹುಟ್ಟಿದ್ದೂ 1987ರಲ್ಲಿ, ಅದೂ ಆ್ಯಪಲ್ ಕಂಪನಿಯ ಮ್ಯಾಕಿಂಟಾಷ್ ಕಂಪ್ಯೂಟರಿನ ಮೇಲೆ. ಫೋರ್‌ಥಾಟ್ ಎಂಬ ಸಣ್ಣ ಕಂಪನಿ ಅದನ್ನು ಹೊರತಂದಿತು, ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಕೆಲವೇ ತಿಂಗಳ ಅಂತರದಲ್ಲಿ, ಆಗಸ್ಟ್ 11ರಂದು, ಬಾಸ್ಟನ್‌ನ ಮ್ಯಾಕ್‌ವರ್ಲ್ಡ್ ಪ್ರದರ್ಶನದಲ್ಲಿ ಆ್ಯಪಲ್ ಹೈಪರ್‌ಕಾರ್ಡನ್ನು ಬಿಡುಗಡೆ ಮಾಡಿತು. ಎರಡರ ಮೂಲ ಘಟಕವೂ ಒಂದೇ: ಪರದೆಯಷ್ಟು ಅಗಲದ ಒಂದು ಹಾಳೆ. ಒಂದು ಅದನ್ನು ಸ್ಲೈಡ್ ಎಂದಿತು, ಇನ್ನೊಂದು ಕಾರ್ಡ್ ಎಂದಿತು. ಸ್ಲೈಡು ಭಾಷಣ ಮಾಡುವವರ ಕೈಯಲ್ಲಿ ಸಾಲಾಗಿ ಮುಂದೆ ಸಾಗಿತು. ಕಾರ್ಡು ಓದುಗನ ಕೈಯಲ್ಲಿ ಎತ್ತ ಬೇಕಾದರೂ ತಿರುಗಬಹುದಿತ್ತು. ಆ ಪೈಕಿ ಇಂದು ಪ್ರತಿ ಶಾಲೆ, ಪ್ರತಿ ಕಚೇರಿಯಲ್ಲಿ ಉಳಿದಿರುವುದು ಯಾವುದು ಎಂಬುದು ನಿಮಗೆ ಗೊತ್ತೇ ಇದೆ.

ಹೈಪರ್‌ಕಾರ್ಡನ್ನು ರೂಪಿಸಿದವರು ಬಿಲ್ ಆಟ್ಕಿನ್ಸನ್. ಮ್ಯಾಕಿಂಟಾಷ್ ಪರದೆಯ ಮೇಲೆ ಗೆರೆ, ಆಕಾರ, ಅಕ್ಷರಗಳನ್ನು ಮೂಡಿಸುವ ಕ್ವಿಕ್‌ಡ್ರಾ ಎಂಬ ತಳಹದಿಯನ್ನೂ, ಮ್ಯಾಕ್‌ಪೇಂಟ್ ಎಂಬ ಚಿತ್ರ ಬಿಡಿಸುವ ತಂತ್ರಾಂಶವನ್ನೂ ಬರೆದವರು ಅವರೇ. 2025ರ ಜೂನ್‌ನಲ್ಲಿ, ತಮ್ಮ 74ನೆಯ ವಯಸ್ಸಿನಲ್ಲಿ ತೀರಿಕೊಂಡರು. 1985ರಲ್ಲಿ ಎಲ್‌ಎಸ್‌ಡಿ ಎಂಬ ಮಾದಕ ವಸ್ತು ಸೇವಿಸಿ ರಾತ್ರಿಯಿಡೀ ನಕ್ಷತ್ರ ನೋಡುತ್ತ ಕುಳಿತಿದ್ದಾಗ ಈ ಕಲ್ಪನೆ ಹೊಳೆಯಿತೆಂದು ಅವರೇ ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆ ವರ್ಣನೆ ಎಷ್ಟು ರೋಚಕವಾಗಿದ್ದರೂ, ಕಲ್ಪನೆ ಶೂನ್ಯದಿಂದ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. ಒಂದು ಬರಹದ ತುಣುಕಿನಿಂದ ಇನ್ನೊಂದಕ್ಕೆ ಜಿಗಿಯುವ ಕೊಂಡಿಗಳ ಕನಸನ್ನು ವ್ಯಾನೆವರ್ ಬುಷ್ 1945ರಲ್ಲಿಯೇ ಕಂಡಿದ್ದರು. ಟೆಡ್ ನೆಲ್ಸನ್ 1965ರಲ್ಲಿ ಅದಕ್ಕೆ ಹೈಪರ್‌ಟೆಕ್ಸ್ಟ್ ಎಂಬ ಹೆಸರು ಕೊಟ್ಟರು. ಡಗ್ಲಸ್ ಎಂಗಲ್‌ಬಾರ್ಟ್ 1968ರಲ್ಲಿ ತುಂಬಿದ ಸಭೆಯ ಮುಂದೆ ಅದನ್ನು ಮಾಡಿ ತೋರಿಸಿದರು. 1980ರ ದಶಕದ ನಡುವಿನಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ನೋಟ್‌ಕಾರ್ಡ್ಸ್ ಎಂಬ ವ್ಯವಸ್ಥೆ, ಹೆಸರೇ ಹೇಳುವಂತೆ, ಕಾರ್ಡುಗಳ ಮೇಲೆಯೇ ನಿಂತಿತ್ತು. ಆದರೆ ಇವೆಲ್ಲ ಸಂಶೋಧಕರ ದುಬಾರಿ ಯಂತ್ರಗಳ ಮೇಲೆ ನಡೆಯುತ್ತಿದ್ದವು. ಆಟ್ಕಿನ್ಸನ್ ಅದನ್ನು 512 ಚುಕ್ಕೆ ಅಗಲ, 342 ಚುಕ್ಕೆ ಎತ್ತರದ ಕಪ್ಪು-ಬಿಳುಪು ಪರದೆಗೆ, ಮನೆಯ ಮೇಜಿನ ಮೇಲೆ ಕೂರುವ ಪೆಟ್ಟಿಗೆಗೆ ಇಳಿಸಿದರು. ಅದಕ್ಕಿಂತ ಮುಖ್ಯವಾಗಿ ಆ್ಯಪಲ್‌ಗೆ ಒಂದು ಷರತ್ತು ಹಾಕಿದರು: ಇದನ್ನು ಪ್ರತಿಯೊಂದು ಹೊಸ ಮ್ಯಾಕಿಂಟಾಷ್ ಜೊತೆಗೆ ಪುಕ್ಕಟೆಯಾಗಿ ಕೊಡಬೇಕು. ಹಳೆಯ ಯಂತ್ರವಿದ್ದವರಿಗೆ 49.95 ಡಾಲರ್ ಬೆಲೆ.

ಈಗ ಅದರ ಒಳಗನ್ನು ನೋಡೋಣ. ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳ ವಿವರ ಬರೆದ ಕಾರ್ಡುಗಳ ಡ್ರಾಯರುಗಳನ್ನು ನೀವು ನೋಡಿರಬಹುದು. ಪ್ರತಿ ಕಾರ್ಡಿನಲ್ಲೂ ಲೇಖಕರ ಹೆಸರು ಮೇಲೆ, ಶೀರ್ಷಿಕೆ ಕೆಳಗೆ, ಕರೆಸಂಖ್ಯೆ ಮೂಲೆಯಲ್ಲಿ. ವಿನ್ಯಾಸ ಒಂದೇ, ತುಂಬಿರುವ ವಿವರ ಬೇರೆ ಬೇರೆ. ಹೈಪರ್‌ಕಾರ್ಡ್‌ನಲ್ಲಿ ಇಂಥ ಕಾರ್ಡುಗಳ ಕಟ್ಟಿಗೆ ಸ್ಟ್ಯಾಕ್ ಎಂದು ಹೆಸರು. ಎಲ್ಲ ಕಾರ್ಡುಗಳಿಗೂ ಸಮಾನವಾದ ವಿನ್ಯಾಸ ಬ್ಯಾಕ್‌ಗ್ರೌಂಡ್ ಎಂಬ ಹಿಂಪದರದಲ್ಲಿ ಇರುತ್ತಿತ್ತು. ಅಕ್ಷರ ತುಂಬುವ ಚೌಕ ಫೀಲ್ಡ್. ಒತ್ತಿದರೆ ಏನಾದರೂ ಆಗುವ ಜಾಗ ಬಟನ್. ಬಟನ್, ಫೀಲ್ಡ್, ಕಾರ್ಡ್, ಬ್ಯಾಕ್‌ಗ್ರೌಂಡ್, ಸ್ಟ್ಯಾಕ್ ಎಂಬ ಈ ಐದರಿಂದಲೇ ಎಲ್ಲವನ್ನೂ ಕಟ್ಟಬೇಕಿತ್ತು, ಮತ್ತು ಈ ಐದರಲ್ಲಿ ಪ್ರತಿಯೊಂದರ ಒಳಗೂ ಸ್ಕ್ರಿಪ್ಟ್ ಎಂಬ ಸೂಚನೆಗಳ ಚೀಟಿಯನ್ನು ಇಡಬಹುದಿತ್ತು.

ನೀವು ಬಟನ್ ಒತ್ತಿ ಬೆರಳು ಎತ್ತಿದೊಡನೆ 'ಮೌಸ್‌ಅಪ್' ಎಂಬ ಸಂದೇಶ ಹುಟ್ಟುತ್ತಿತ್ತು. ಬಟನ್ನಿನ ಚೀಟಿಯಲ್ಲಿ ಆ ಸಂದೇಶಕ್ಕೆ ಉತ್ತರವಿದ್ದರೆ ಅಲ್ಲಿಯೇ ಕೆಲಸ ನಡೆಯುತ್ತಿತ್ತು. ಇಲ್ಲದಿದ್ದರೆ ಸಂದೇಶ ಕಾರ್ಡಿಗೆ, ಅಲ್ಲಿಂದ ಹಿಂಪದರಕ್ಕೆ, ಅಲ್ಲಿಂದ ಸ್ಟ್ಯಾಕಿಗೆ, ಅಲ್ಲಿಯೂ ಕೇಳುವವರಿಲ್ಲದಿದ್ದರೆ ಹೋಮ್ ಎಂಬ ಮನೆ ಸ್ಟ್ಯಾಕಿಗೆ, ಕೊನೆಗೆ ಹೈಪರ್‌ಕಾರ್ಡಿಗೇ ಹೋಗುತ್ತಿತ್ತು. ಗ್ರಾಮ ಪಂಚಾಯಿತಿಯಲ್ಲಿ ಇತ್ಯರ್ಥವಾಗದ ಅರ್ಜಿ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋದ ಹಾಗೆ. ಇದರಿಂದಾಗಿ ಹೊಸಬರು ಒಂದು ಬಟನ್ನಿನಿಂದ ಆರಂಭಿಸಿ, ಅದೇ ಕೆಲಸ ಹತ್ತು ಬಟನ್ನುಗಳಿಗೆ ಬೇಕಾದಾಗ ಸೂಚನೆಯನ್ನು ಒಂದು ಮೆಟ್ಟಿಲು ಮೇಲಕ್ಕೆ ಸರಿಸಿ, ವಸ್ತುಗಳ ಶ್ರೇಣಿಯೆಂಬ ವಿಷಯವನ್ನು ಯಾರ ಪಾಠವೂ ಇಲ್ಲದೆ ಕಲಿತುಬಿಡುತ್ತಿದ್ದರು.

ಒಂದು ಬಟನ್ನನ್ನು ಮಾಡುವ ಕ್ರಮವನ್ನು ಹತ್ತಿರದಿಂದ ನೋಡಿದರೆ ನಾನು ಹೇಳುತ್ತಿರುವುದು ಸ್ಪಷ್ಟವಾಗುತ್ತದೆ. ಉಪಕರಣಗಳ ಪಟ್ಟಿಯಲ್ಲಿ ಬೆರಳು ಚಾಚಿದ ಕೈಯ ಗುರುತಿದ್ದರೆ ನೀವು ಓದುಗರು. ಅದರ ಪಕ್ಕದ ಬಟನ್ ಉಪಕರಣವನ್ನು ಆರಿಸಿಕೊಂಡರೆ, ಅದೇ ಕಿಟಕಿಯಲ್ಲಿ, ಅದೇ ಕಾರ್ಡಿನ ಮೇಲೆ, ಅದೇ ಕ್ಷಣದಿಂದ ನೀವು ತಯಾರಕರು. ಹೊಸ ಬಟನ್ ಹಾಕಿ, ಎರಡು ಸಲ ಒತ್ತಿ, ಸ್ಕ್ರಿಪ್ಟ್ ತೆರೆದರೆ 'ಆನ್ ಮೌಸ್‌ಅಪ್' ಎಂಬ ಮೊದಲ ಸಾಲೂ 'ಎಂಡ್ ಮೌಸ್‌ಅಪ್' ಎಂಬ ಕೊನೆಯ ಸಾಲೂ ಆಗಲೇ ಬರೆದಿರುತ್ತಿದ್ದವು. ನಡುವೆ 'ಗೋ ಟು ನೆಕ್ಸ್ಟ್ ಕಾರ್ಡ್' ಎಂದು ಬರೆದು ಮುಚ್ಚಿ, ಕೈಯ ಗುರುತಿಗೆ ಮರಳಿ ಒತ್ತಿದರೆ ಮುಂದಿನ ಕಾರ್ಡು ಬಂದಿತು. ಬರೆದದ್ದನ್ನು ಯಂತ್ರದ ಭಾಷೆಗೆ ಪರಿವರ್ತಿಸುವ ಕಂಪೈಲ್ ಹಂತವಿಲ್ಲ, ಚಾಲನೆಗೆ ಬೇರೆ ಸ್ಥಿತಿಯಿಲ್ಲ. ಉಳಿಸುವ ಸೇವ್ ಆಜ್ಞೆಯೂ ಇಲ್ಲ, ಏಕೆಂದರೆ ಮಾಡಿದ ಬದಲಾವಣೆ ಆಗಿಂದಾಗಲೇ ಡಿಸ್ಕಿಗೆ ಸೇರುತ್ತಿತ್ತು. ಈ ಕೊನೆಯ ಗುಣ ಅನೇಕರ ಕಣ್ಣಲ್ಲಿ ನೀರು ತರಿಸಿದ್ದೂ ಉಂಟು. ಪ್ರಯೋಗಕ್ಕೆಂದು ಕೆಡಿಸಿದ ಕಾರ್ಡು ಕೆಟ್ಟೇ ಉಳಿಯುತ್ತಿತ್ತು.

ಇನ್ನೂ ಸೊಗಸಾದ ಸಂಗತಿ ಬೇರೊಬ್ಬರ ಸ್ಟ್ಯಾಕನ್ನು ತೆರೆದಾಗ ಕಾಣುತ್ತಿತ್ತು. ಹೈಪರ್‌ಕಾರ್ಡ್ ಬಳಕೆದಾರರಿಗೆ ಐದು ಮಟ್ಟಗಳನ್ನು ಇಟ್ಟಿತ್ತು: ನೋಡುವುದು, ಟೈಪ್ ಮಾಡುವುದು, ಚಿತ್ರ ಬಿಡಿಸುವುದು, ಬಟನ್ನು-ಫೀಲ್ಡುಗಳನ್ನು ರಚಿಸುವುದು, ಸ್ಕ್ರಿಪ್ಟ್ ಬರೆಯುವುದು. ಐದನೆಯ ಮಟ್ಟದಲ್ಲಿ ಕಮಾಂಡ್ ಮತ್ತು ಆಪ್ಷನ್ ಕೀಲಿಗಳನ್ನು ಒಟ್ಟಿಗೆ ಹಿಡಿದರೆ ಪರದೆಯ ಮೇಲಿನ ಬಟನ್ನುಗಳ ಅಂಚು, ಅಡಗಿದ್ದವುಗಳ ಸಮೇತ, ಎದ್ದು ಕಾಣುತ್ತಿತ್ತು. ಹಾಗೆಯೇ ಒಂದನ್ನು ಒತ್ತಿದರೆ ಅದರ ಸ್ಕ್ರಿಪ್ಟ್ ತೆರೆದುಕೊಳ್ಳುತ್ತಿತ್ತು. ಇದು ಹೇಗೆ ಆಯಿತು ಎಂಬ ಕುತೂಹಲಕ್ಕೂ ಅದರ ಉತ್ತರಕ್ಕೂ ನಡುವೆ ಎರಡು ಕೀಲಿಗಳಷ್ಟೇ ದೂರ. ಆ ಉತ್ತರವನ್ನು ನಕಲು ಮಾಡಿ ತಮ್ಮ ಸ್ಟ್ಯಾಕಿಗೆ ಅಂಟಿಸಿಕೊಂಡರೆ ಅಲ್ಲಿಯೂ ಅದು ಕೆಲಸ ಮಾಡುತ್ತಿತ್ತು, ಏಕೆಂದರೆ ಬಟನ್ ತನ್ನ ಸ್ಕ್ರಿಪ್ಟನ್ನು ಹೊತ್ತುಕೊಂಡೇ ಬರುತ್ತಿತ್ತು.

ಸ್ಕ್ರಿಪ್ಟಿನ ಭಾಷೆ ಹೈಪರ್‌ಟಾಕ್. ಅದನ್ನು ರೂಪಿಸಿದವರು ಡ್ಯಾನ್ ವಿಂಕ್ಲರ್. ಮೂರನೆಯ ಸಾಲಿನ ಎರಡನೆಯ ಪದ ಬೇಕಾದರೆ 'ವರ್ಡ್ 2 ಆಫ್ ಲೈನ್ 3 ಆಫ್ ಫೀಲ್ಡ್' ಎಂದೇ ಬರೆಯಬಹುದಿತ್ತು. ಬಳಕೆದಾರರಿಂದ ಕೇಳಿ ಪಡೆದ ಉತ್ತರ 'ಇಟ್' ಎಂಬ ಸರ್ವನಾಮದಲ್ಲಿ ಕುಳಿತಿರುತ್ತಿತ್ತು. ಇಂಗ್ಲಿಷಿನಂತೆ ಓದಿಸಿಕೊಳ್ಳುವುದು ಇದರ ದೊಡ್ಡ ಗುಣವೆಂದು ಹೊಗಳುವ ರೂಢಿಯಿದೆ. ಕನ್ನಡದವನಾಗಿ ನನಗೆ ಇದರಲ್ಲಿ ಅರ್ಧ ಒಪ್ಪಿಗೆ. 'ಪುಟ್ ದಿ ಡೇಟ್ ಇನ್‌ಟು ಫೀಲ್ಡ್ 1' ಎಂಬ ಸಾಲು ಇಂಗ್ಲಿಷ್ ಬಲ್ಲವರಿಗೆ ಸಹಜ. ನಾವಾದರೆ 'ಇಂದಿನ ದಿನಾಂಕವನ್ನು ಒಂದನೆಯ ಫೀಲ್ಡಿಗೆ ಹಾಕು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪದಗಳ ಸ್ಥಾನ ಹೇಳಿದರೆ, ನಮ್ಮಲ್ಲಿ ಅದನ್ನು ವಿಭಕ್ತಿ ಹೇಳುತ್ತದೆ, ಕ್ರಿಯಾಪದ ಕೊನೆಯವರೆಗೂ ಕಾಯುತ್ತದೆ. ಜೊತೆಗೆ ಇಂಗ್ಲಿಷಿನಂತೆ ಕಾಣುವ ಭಾಷೆ ಇಂಗ್ಲಿಷಿನ ಎಲ್ಲ ವಾಕ್ಯಗಳನ್ನೂ ಒಪ್ಪುವುದಿಲ್ಲ. ಯಾವುದು ಒಪ್ಪಿಗೆ, ಯಾವುದು ಅಲ್ಲ ಎಂಬ ಊಹೆಯ ಆಟದಲ್ಲಿ ಇಂಗ್ಲಿಷರೇ ಸೋಲುತ್ತಿದ್ದರು. 1993ರಲ್ಲಿ ಬಂದ ಆ್ಯಪಲ್‌ಸ್ಕ್ರಿಪ್ಟ್ ಇದೇ ಶೈಲಿಯನ್ನು ಮುಂದುವರಿಸಿತು ಮತ್ತು ಆರಂಭದಲ್ಲಿ ಫ್ರೆಂಚ್, ಜಪಾನಿ ರೂಪಗಳನ್ನೂ ಕೊಟ್ಟಿತ್ತು. ಆ ರೂಪಗಳು ಹೆಚ್ಚು ಕಾಲ ಬಾಳಲಿಲ್ಲ. ಹೀಗಾಗಿ ಹೈಪರ್‌ಕಾರ್ಡ್‌ನ ಯಶಸ್ಸಿನಲ್ಲಿ ಭಾಷೆಯ ಪಾಲು ಹೇಳಿಕೊಳ್ಳುವಷ್ಟು ದೊಡ್ಡದಲ್ಲ, ಒಂದೇ ಕಿಟಕಿಯಲ್ಲಿ ಓದು ಮತ್ತು ರಚನೆ ಎರಡೂ ಇದ್ದದ್ದರ ಪಾಲೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಆ ಯಶಸ್ಸು ಎಂಥದ್ದು ಎಂಬುದಕ್ಕೆ ಮೂರು ಉದಾಹರಣೆ ಸಾಕು. ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಎಂಬ ಸಹೋದರರು ತಮ್ಮ ಸಯಾನ್ ಸಂಸ್ಥೆಯಿಂದ 1988ರಲ್ಲಿ ಮಕ್ಕಳಿಗಾಗಿ 'ದಿ ಮ್ಯಾನ್‌ಹೋಲ್' ಎಂಬ ಸ್ಟ್ಯಾಕನ್ನು ಮಾಡಿದರು. ಅದೇ ದಾರಿಯಲ್ಲಿ ಐದು ವರ್ಷ ಮುಂದೆ ನಡೆದು 1993ರಲ್ಲಿ 'ಮಿಸ್ಟ್' ಹೊರತಂದರು. ಸುಮಾರು 2500 ಚಿತ್ರಗಳನ್ನು ಕಾರ್ಡುಗಳ ಮೇಲೆ ಹರಡಿ, ಎಲ್ಲಿ ಒತ್ತಿದರೆ ಯಾವ ಕಾರ್ಡಿಗೆ ಹೋಗಬೇಕೆಂದು ಜೋಡಿಸಿದ ಆ ಆಟ ಅರವತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ನಿಮ್ಮ ರಸಪ್ರಶ್ನೆಯ ರಚನೆಗೂ ಅದರ ರಚನೆಗೂ ತತ್ವದಲ್ಲಿ ವ್ಯತ್ಯಾಸ ಕಡಿಮೆ. ಎರಡನೆಯದು, ವಾಯೇಜರ್ ಕಂಪನಿ 1989ರಲ್ಲಿ ತಂದ ಬೇಟೋವನ್‌ನ ಒಂಬತ್ತನೆಯ ಸಿಂಫನಿಯ ಸಂಗಾತಿ: ಸಂಗೀತ ಸಾಮಾನ್ಯ ಸಿ.ಡಿ.ಯಿಂದ ಕೇಳಿಬರುತ್ತಿದ್ದರೆ, ಪ್ರಾಧ್ಯಾಪಕ ರಾಬರ್ಟ್ ವಿಂಟರ್ ಅವರ ವಿವರಣೆ ಕಾರ್ಡುಗಳ ಮೇಲೆ ಅದಕ್ಕೆ ಹೊಂದಿಕೊಂಡು ಬರುತ್ತಿತ್ತು. ಮೂರನೆಯದು ಹೆಚ್ಚು ಜನರಿಗೆ ಗೊತ್ತಿಲ್ಲ. ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ ತಮ್ಮ ಕಂಪನಿಯಲ್ಲಿ ಯಾರಿಗೆ ಯಾವ ವಿಚಾರ ಗೊತ್ತು, ಯಾವ ವಿಚಾರ ಯಾವ ಯೋಜನೆಯಲ್ಲಿ ಬಂತು ಎಂಬುದನ್ನು ಬರೆದಿಡಲು 1980ರ ದಶಕದ ಕೊನೆಯಲ್ಲಿ ಒಂದು ಸ್ಟ್ಯಾಕ್ ಮಾಡಿಕೊಂಡಿದ್ದರು. ಇಲ್ಲದ ಕಾರ್ಡಿಗೆ ಕೊಂಡಿ ಹಾಕಿ, ಅದನ್ನು ಒತ್ತಿದಾಗ ಹೊಸ ಕಾರ್ಡು ಹುಟ್ಟುವಂತೆ ಮಾಡಿದ್ದ ಆ ಉಪಾಯವನ್ನೇ ಅವರು 1995ರ ಮಾರ್ಚ್‌ನಲ್ಲಿ ಜಾಲಕ್ಕೆ ತಂದರು. ಅದೇ ಮೊದಲ ವಿಕಿ. ಕನ್ನಡ ವಿಕಿಪೀಡಿಯದಲ್ಲಿ ಇನ್ನೂ ಬರೆಯದ ಲೇಖನದ ಕೊಂಡಿ ಕೆಂಪಾಗಿ ಕಾಣುತ್ತದೆಯಲ್ಲ, ಅದರ ಬೇರು ಒಂದು ಹೈಪರ್‌ಕಾರ್ಡ್ ಸ್ಟ್ಯಾಕಿನಲ್ಲಿದೆ.

ಗೋಡೆ ಎದ್ದದ್ದು 1990ರಲ್ಲಿ. ಆ್ಯಪಲ್ ತನ್ನ ತಂತ್ರಾಂಶಗಳನ್ನು ಮಾರಲು 1987ರಲ್ಲಿಯೇ ಕಟ್ಟಿದ್ದ ಕ್ಲಾರಿಸ್ ಎಂಬ ಅಂಗಸಂಸ್ಥೆಗೆ ಹೈಪರ್‌ಕಾರ್ಡನ್ನು ವಹಿಸಿತು. ಆ ವರ್ಷದ ಎರಡನೆಯ ಆವೃತ್ತಿ ತಾಂತ್ರಿಕವಾಗಿ ಮೊದಲಿನದಕ್ಕಿಂತ ಬಹಳ ಮೇಲು. ಆದರೆ ಹೊಸ ಮ್ಯಾಕಿಂಟಾಷ್ ಜೊತೆಗೆ ಪುಕ್ಕಟೆಯಾಗಿ ಬರುತ್ತಿದ್ದದ್ದು ಓದುವುದಕ್ಕೆ ಮತ್ತು ಟೈಪ್ ಮಾಡುವುದಕ್ಕೆ ಮಾತ್ರ ಸಾಕಾಗುವ ಮೊಟಕು ರೂಪ, ರಚಿಸಬೇಕೆಂದರೆ ಪೂರ್ಣ ಆವೃತ್ತಿಯನ್ನು ದುಡ್ಡು ಕೊಟ್ಟು ಕೊಳ್ಳಬೇಕು. ತಮಾಷೆಯೆಂದರೆ, ಸೂಚನೆಗಳನ್ನು ಟೈಪ್ ಮಾಡುವ ಸಂದೇಶದ ಪೆಟ್ಟಿಗೆಯಲ್ಲಿ 'ಮ್ಯಾಜಿಕ್' ಎಂದು ಟೈಪ್ ಮಾಡಿದರೆ ಮುಚ್ಚಿಟ್ಟಿದ್ದ ಮೇಲಿನ ಮಟ್ಟಗಳು ತೆರೆದುಕೊಳ್ಳುತ್ತಿದ್ದವು. ಬಾಗಿಲು ಹಾಕಿ ಬೀಗದ ಕೈಯನ್ನು ಬಾಗಿಲಪಡಿಯ ಮೇಲೆ ಇಟ್ಟು ಹೋದ ಹಾಗೆ. ಗುಟ್ಟು ತಿಳಿದವರಿಗೆ ನಷ್ಟವಾಗಲಿಲ್ಲ. ನಷ್ಟವಾದದ್ದು, ಒಂದು ಮಧ್ಯಾಹ್ನ ಬೇಸರಕ್ಕೆ ವಿಳಾಸದ ಸ್ಟ್ಯಾಕನ್ನು ತೆರೆದು, ಇದರಲ್ಲಿ ಜನ್ಮದಿನಕ್ಕೂ ಒಂದು ಚೌಕ ಇದ್ದರೆ ಚೆನ್ನಾಗಿತ್ತಲ್ಲ ಎಂದುಕೊಂಡು ಅಲ್ಲಿಂದಲೇ ಪ್ರೋಗ್ರಾಮರ್ ಆಗುತ್ತಿದ್ದವರಿಗೆ. ತಾನು ರಚಿಸಬಲ್ಲೆ ಎಂಬುದು ಗೊತ್ತಿಲ್ಲದವರು ರಚನೆಯ ಆವೃತ್ತಿಯನ್ನು ಕೊಳ್ಳುವುದಾದರೂ ಏಕೆ?

ನ್ಯಾಯವಾಗಿ ಹೇಳುವುದಾದರೆ, ಎಲ್ಲವನ್ನೂ ತೆರೆದಿಟ್ಟುಕೊಳ್ಳುವುದಕ್ಕೆ ಅದರದೇ ಆದ ಅಪಾಯವಿತ್ತು. 1988ರಲ್ಲಿ, ಆ್ಯಪಲ್‌ನ ಮುಂಬರುವ ಉತ್ಪನ್ನಗಳ ಮಾಹಿತಿಯೆಂದು ತೋರಿಸಿಕೊಂಡ ಒಂದು ಸ್ಟ್ಯಾಕ್ ಕಂಪ್ಯೂಸರ್ವ್ ಎಂಬ ಆನ್‌ಲೈನ್ ಸೇವೆಯ ಮೂಲಕ ಹರಡಿತು. ಅದರೊಳಗೆ ಮಾರ್ಚ್ 2ರಂದು ವಿಶ್ವಶಾಂತಿಯ ಸಂದೇಶ ತೋರಿಸಿ ಅಳಿದುಹೋಗುವ ವೈರಸ್ ಇತ್ತು. ಹಾನಿ ಮಾಡದ ವೈರಸ್ಸೇ ಆದರೂ, ದಾಖಲೆಯಂತೆ ಕಾಣುವ ವಸ್ತು ಪ್ರೋಗ್ರಾಂ ಕೂಡ ಆಗಿದ್ದರೆ ಏನಾಗಬಹುದೆಂಬುದನ್ನು ಅದು ತೋರಿಸಿತು. ಮುಂದೆ ವರ್ಡ್, ಎಕ್ಸೆಲ್ ಕಡತಗಳೊಳಗೆ ಕೂರುವ ಮ್ಯಾಕ್ರೋ ಎಂಬ ಸಣ್ಣ ಪ್ರೋಗ್ರಾಂಗಳಲ್ಲಿ ಇಡೀ ಜಗತ್ತು ಕಲಿತ ಪಾಠ ಇದೇ.

ಕ್ಲಾರಿಸ್‌ನಿಂದ ಹೈಪರ್‌ಕಾರ್ಡ್ ಮರಳಿ ಆ್ಯಪಲ್‌ಗೆ ಬಂತು. ಬಣ್ಣವನ್ನು ಹೊರಗಿನಿಂದ ತೇಪೆ ಹಾಕಿದಂತೆ ಸೇರಿಸಲಾಯಿತು. ಮೂರನೆಯ ಆವೃತ್ತಿಯನ್ನು ಆ್ಯಪಲ್‌ನ ವಿಡಿಯೊ ತಂತ್ರಾಂಶವಾದ ಕ್ವಿಕ್‌ಟೈಮ್ ಮೇಲೆ ಕಟ್ಟಿ 1996ರಲ್ಲಿ ಪ್ರದರ್ಶಿಸಿದ್ದೂ ಆಯಿತು, ಅದು ಬಿಡುಗಡೆಯಾಗಲೇ ಇಲ್ಲ. 1998ರ 2.4ನೆಯ ಆವೃತ್ತಿ ಕೊನೆಯದು. ಮ್ಯಾಕ್ ಓಎಸ್ ಟೆನ್‌ಗೆ ಅದನ್ನು ಒಗ್ಗಿಸುವ ಕೆಲಸ ನಡೆಯಲಿಲ್ಲ. 2004ರ ಮಾರ್ಚ್‌ನಲ್ಲಿ ಮಾರಾಟವೂ ನಿಂತಿತು. ಅದೇ ಕ್ಲಾರಿಸ್‌ನ ಇನ್ನೊಂದು ಸರಕಾದ ಫೈಲ್‌ಮೇಕರ್ ಮಾತ್ರ ಇಂದಿಗೂ ಮಾರಾಟದಲ್ಲಿದೆ, ಏಕೆಂದರೆ ಅದೇನೆಂದು ಕೇಳಿದರೆ 'ಡೇಟಾಬೇಸ್' ಎಂದು ಒಂದೇ ಪದದಲ್ಲಿ ಹೇಳಬಹುದಿತ್ತು. ಹೈಪರ್‌ಕಾರ್ಡ್ ಏನೆಂದು ಒಂದು ಪದದಲ್ಲಿ ಹೇಳಲು ಅದರ ಮಾರಾಟಗಾರರಿಗೆ ಕೊನೆಯವರೆಗೂ ಆಗಲಿಲ್ಲ.

ಹೈಪರ್‌ಕಾರ್ಡನ್ನು ವೆಬ್ ಕೊಂದಿತು ಎನ್ನುವವರಿದ್ದಾರೆ. ನಾನು ಇದನ್ನು ಹಾಗೆ ನೋಡುವುದಿಲ್ಲ. ವೆಬ್ ಅದರ ಅರ್ಧ ಆಸ್ತಿಗೆ ವಾರಸುದಾರ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಪೈ-ಯುವಾನ್ ವೈ, ಹೈಪರ್‌ಕಾರ್ಡ್‌ನ ಕೈಪಿಡಿಯನ್ನು ನೋಡಿ ಅದರ ಕಲ್ಪನೆಗಳನ್ನು ಯೂನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ತಂದು ವಯೋಲಾ ಎಂಬ ವ್ಯವಸ್ಥೆ ಮಾಡಿದರು. ಅದರ ಮೇಲೆ ಕಟ್ಟಿದ ವಯೋಲಾ-ಡಬ್ಲ್ಯುಡಬ್ಲ್ಯುಡಬ್ಲ್ಯು 1992ರ ಮೊದಲ ಚಿತ್ರಾತ್ಮಕ ಬ್ರೌಸರುಗಳಲ್ಲಿ ಒಂದು. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗಾಗಿ ಜಾವಾಸ್ಕ್ರಿಪ್ಟ್ ಭಾಷೆಯನ್ನು ರಚಿಸಿದ ಬ್ರೆಂಡನ್ ಐಕ್, ಅದರ 'ಆನ್‌ಕ್ಲಿಕ್' ಮಾದರಿಗೆ ಹೈಪರ್‌ಟಾಕ್‌ನ 'ಆನ್ ಮೌಸ್‌ಅಪ್' ಸ್ಫೂರ್ತಿಯೆಂದು ಹೇಳಿದ್ದಾರೆ. ಕೊಂಡಿಯ ಮೇಲೆ ಕರ್ಸರ್ ಕೈಯಾಗುವುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹೈಪರ್‌ಕಾರ್ಡ್‌ಗೆ ಇಲ್ಲದಿದ್ದದ್ದು ಒಂದೇ: ಅದರ ಕೊಂಡಿ ತನ್ನ ಯಂತ್ರದ ಗಡಿ ದಾಟುತ್ತಿರಲಿಲ್ಲ. ಆ್ಯಪಲ್‌ನಲ್ಲಿ ಎಲ್ಲರೂ ಒಂಟಿ ಪೆಟ್ಟಿಗೆಯನ್ನೇ ನೆನೆಯುತ್ತಿದ್ದ ಕಾರಣ ತಾನು ಜಾಲವನ್ನು ಕಾಣದೆ ಹೋದೆ ಎಂದು ಆಟ್ಕಿನ್ಸನ್ ಮುಂದೆ ಪರಿತಪಿಸಿದರು. ಆದರೆ ವೆಬ್ ಗಡಿ ದಾಟಿದ್ದಕ್ಕೆ ಬೆಲೆಯನ್ನೂ ತೆತ್ತಿತು. ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1990ರಲ್ಲಿ ಬರೆದ ಮೊದಲ ಬ್ರೌಸರಿನಲ್ಲಿ ಪುಟವನ್ನು ಓದುವುದರ ಜೊತೆಗೆ ತಿದ್ದಲೂ ಆಗುತ್ತಿತ್ತು. 1993ರಲ್ಲಿ ಜನಪ್ರಿಯವಾದ ಮೊಸಾಯಿಕ್ ಬ್ರೌಸರು ಓದುವ ಅರ್ಧವನ್ನಷ್ಟೇ ಜನರ ಕೈಗಿತ್ತಿತು. ಪುಟದ ಮೂಲವನ್ನು ತೋರಿಸುವ 'ವ್ಯೂ ಸೋರ್ಸ್' ಎಂಬ ಕಿಂಡಿ ಉಳಿದದ್ದರಿಂದ ಒಂದು ತಲೆಮಾರು ಅದರಲ್ಲಿ ಇಣುಕಿ ಕಲಿಯಿತು. ಇಂದಿನ ದೊಡ್ಡ ಜಾಲತಾಣಗಳಲ್ಲಿ ಆ ಕಿಂಡಿಯಿಂದ ಕಾಣುವುದು ಯಂತ್ರ ಅರೆದು ಹಿಟ್ಟು ಮಾಡಿದ ಅಕ್ಷರರಾಶಿ.

ನೇರ ಸಂತಾನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಲಿಕಾನ್ ಬೀಚ್ ಕಂಪನಿಯ ಸೂಪರ್‌ಕಾರ್ಡ್ 1989ರಲ್ಲಿ ಬಣ್ಣವನ್ನೂ ಹಲವು ಕಿಟಕಿಗಳನ್ನೂ ಕೊಟ್ಟಿತು, ಆದರೆ ತಿದ್ದುವ ತಂತ್ರಾಂಶವನ್ನು ಓಡಿಸುವ ತಂತ್ರಾಂಶದಿಂದ ಬೇರ್ಪಡಿಸಿತು. ರೋಜರ್ ವ್ಯಾಗ್ನರ್ ಅವರ ಹೈಪರ್‌ಸ್ಟುಡಿಯೊ ಆ್ಯಪಲ್ ಟು ಜಿಎಸ್ ಯಂತ್ರಕ್ಕೆ ಬಂದು ಅಮೆರಿಕದ ಶಾಲೆಗಳಲ್ಲಿ ನೆಲೆಯಾಯಿತು. ಪಾಲ್ ಆಲನ್ ಅವರ ಅಸಿಮೆಟ್ರಿಕ್ಸ್ ಕಂಪನಿ ವಿಂಡೋಸ್‌ಗೆ ಟೂಲ್‌ಬುಕ್ ಮಾಡಿ, ಕಾರ್ಡನ್ನು ಪುಟವೆಂದೂ ಸ್ಟ್ಯಾಕನ್ನು ಪುಸ್ತಕವೆಂದೂ ಕರೆಯಿತು. 1991ರ ವಿಷುವಲ್ ಬೇಸಿಕ್ ಈ ವಂಶದ್ದೆಂದು ಹೇಳುವುದುಂಟು. ಅಲನ್ ಕೂಪರ್ ಅವರ ಸ್ವತಂತ್ರ ವಿನ್ಯಾಸದಿಂದ ಬೆಳೆದ ಅದನ್ನು ನಾನು ನೆರೆಮನೆಯದೆಂದು ಕರೆಯುತ್ತೇನೆ. ಅದರಲ್ಲಿಯೂ ಬಟನ್ ಎಳೆದು ಹಾಕಿ, ಎರಡು ಸಲ ಒತ್ತಿ, ಸೂಚನೆ ಬರೆಯುತ್ತೀರಿ. ಆದರೆ ಕೊನೆಗೆ ಹೊರಬರುವುದು ಮುಚ್ಚಿದ ಇಎಕ್ಸ್‌ಇ ಕಡತ. ಬಳಸುವವರು ಅದನ್ನು ಬಿಚ್ಚಿ ನೋಡುವಂತಿಲ್ಲ. ಬೆಂಗಳೂರಿನ ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ತೊಂಬತ್ತರ ದಶಕದಲ್ಲಿ ಕಲಿತ ನನ್ನಂಥವರಿಗೆ ಮೊದಲು ಸಿಕ್ಕಿದ್ದು ಈ ನೆರೆಮನೆಯೇ. ಹೈಪರ್‌ಕಾರ್ಡನ್ನು ನಾನು ಕಂಡದ್ದು ಬಹಳ ತಡವಾಗಿ, ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ. ನೀವೂ ನೋಡಬಹುದು: ಅದರ ಮೂವತ್ತು ವರ್ಷ ತುಂಬಿದ 2017ರಿಂದ ಇಂಟರ್ನೆಟ್ ಆರ್ಕೈವ್ ಹಳೆಯ ಸ್ಟ್ಯಾಕುಗಳನ್ನು ಬ್ರೌಸರಿನಲ್ಲಿಯೇ ಓಡುವಂತೆ ಇಟ್ಟಿದೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಹೈಪರ್‌ಟಾಕ್‌ನ ನೇರ ವಂಶದಲ್ಲಿ ಜೀವಂತವಾಗಿರುವುದು ಲೈವ್‌ಕೋಡ್. ಯೂನಿಕ್ಸ್‌ನ ಮೆಟಾಕಾರ್ಡ್‌ನಿಂದ ಬೆಳೆದು, ಎಡಿನ್‌ಬರೋದ ಕಂಪನಿಯೊಂದರ ಕೈಗೆ ಬಂದು, 2010ರಲ್ಲಿ ಈ ಹೆಸರು ಪಡೆಯಿತು. 2014ರ ಏಳನೆಯ ಆವೃತ್ತಿಯಿಂದ, ಎಲ್ಲ ಲಿಪಿಗಳಿಗೂ ಜಾಗ ಕೊಡುವ ಯೂನಿಕೋಡ್ ಪೂರ್ಣವಾಗಿ ಸೇರಿದ್ದರಿಂದ ಫೀಲ್ಡಿನೊಳಗೆ ಕನ್ನಡವನ್ನು ತುಂಬಲು ದಾರಿಯಾಯಿತು. 2013ರಲ್ಲಿ ಸಾರ್ವಜನಿಕರ ದೇಣಿಗೆಯಿಂದ ಮುಕ್ತ ತಂತ್ರಾಂಶವಾದ ಅದು 2021ರಲ್ಲಿ ಆ ರೂಪವನ್ನು ಕೈಬಿಟ್ಟು ಮತ್ತೆ ಹಣ ತೆರುವವರದ್ದಾಯಿತು. 1990ರ ಕಥೆಯೇ ಮರುಕಳಿಸಿದಂತೆ. ಇನ್ನೊಂದು, ಜಾನ್ ಅರ್ನೆಸ್ಟ್ 2022ರಲ್ಲಿ ತಂದ ಡೆಕ್ಕರ್: ಅದೇ ಕಪ್ಪು-ಬಿಳುಪು ಚುಕ್ಕೆಗಳ ಚೆಲುವು, ಅದೇ ಕಾರ್ಡು, ಓದುವ ಕಿಟಕಿಯಲ್ಲಿಯೇ ತಿದ್ದುವ ಅದೇ ಸ್ವಾತಂತ್ರ್ಯ, ಮೇಲಾಗಿ ಪುಕ್ಕಟೆ. ಆತ್ಮದಲ್ಲಿ ಹೈಪರ್‌ಕಾರ್ಡ್‌ಗೆ ಇಷ್ಟು ಹತ್ತಿರವಾದುದನ್ನು ನಾನು ಬೇರೆ ಕಂಡಿಲ್ಲ. ಆದರೆ ಅದರ ಅಕ್ಷರವ್ಯವಸ್ಥೆ ರೋಮನ್ ಲಿಪಿಗೆ ಸೀಮಿತವಾದ್ದರಿಂದ ನಿಮ್ಮ ಪ್ರಶ್ನೆಗಳನ್ನು ಕನ್ನಡದಲ್ಲಿ ಟೈಪ್ ಮಾಡಲು ಬಾರದು. ಚಿತ್ರವಾಗಿ ಅಂಟಿಸಬಹುದು, ಅದು ತರಗತಿಗೆ ಹೊಂದುವ ಉಪಾಯವಲ್ಲ. ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್ ಮಕ್ಕಳಿಗೆ ಒಳ್ಳೆಯದೇ. ಅದರ ಲೋಕ ಆಟದ ಅಂಗಳದ್ದು, ಕಾರ್ಡುಗಳದ್ದಲ್ಲ. ಕೃತಕ ಬುದ್ಧಿಮತ್ತೆಗೆ ಕನ್ನಡದಲ್ಲಿ ಹೇಳಿ ರಸಪ್ರಶ್ನೆಯ ಪುಟವನ್ನು ಬರೆಸಿಕೊಳ್ಳುವುದು ಈಗ ಸಾಧ್ಯ, ಮತ್ತು ಕೆಲಸ ಆಗುತ್ತದೆ. ಆದರೆ ಮರುದಿನ ಪ್ರತಿ ತಪ್ಪಿಗೆ ಅರ್ಧ ಅಂಕ ಕಳೆಯಬೇಕೆನಿಸಿದಾಗ ಆ ಸಾಲು ಎಲ್ಲಿದೆಯೆಂದು ನಿಮಗೆ ಗೊತ್ತಿರುವುದಿಲ್ಲ. ಮತ್ತೆ ಅದನ್ನೇ ಕೇಳಬೇಕು.

ನಿಮ್ಮ ಕೆಲಸಕ್ಕೆ ನಾನು ಹೇಳುವುದು ಟ್ವೈನ್. ಕ್ರಿಸ್ ಕ್ಲಿಮಾಸ್ 2009ರಲ್ಲಿ ಕವಲೊಡೆಯುವ ಕಥೆಗಳಿಗಾಗಿ ಮಾಡಿದ ಈ ಉಚಿತ ಸಾಧನ ಬ್ರೌಸರಿನಲ್ಲಿಯೇ ತೆರೆಯು­ತ್ತದೆ. ಪರದೆಯ ಮೇಲೆ ಹಾಳೆಗಳು ಚೌಕಗಳಾಗಿ ಹರಡಿರುತ್ತವೆ. ಒಂದು ಹಾಳೆಯಲ್ಲಿ ಜೋಡಿ ಚೌಕಾವರಣದೊಳಗೆ ಇನ್ನೊಂದು ಹಾಳೆಯ ಹೆಸರು ಬರೆದರೆ ಕೊಂಡಿ ಆಯಿತು, ಆ ಹಾಳೆ ಇಲ್ಲದಿದ್ದರೆ ಅದು ತಾನೇ ಹುಟ್ಟುತ್ತದೆ, ಕನ್ನಿಂಗ್‌ಹ್ಯಾಮ್ ಅವರ ಸ್ಟ್ಯಾಕಿನಲ್ಲಿ ಆಗುತ್ತಿದ್ದಂತೆಯೇ. ಪ್ರಶ್ನೆ, ಉತ್ತರಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ಅಂಕಕ್ಕೆ ಬೇಕಾದದ್ದು ಸರಿ ಉತ್ತರದ ಹಾಳೆಯಲ್ಲಿ ಒಂದು ಸಾಲು: ಟ್ವೈನ್ ತಾನಾಗಿಯೇ ಆರಿಸಿಕೊಡುವ ಹಾರ್ಲೋ ಎಂಬ ಕಥಾರೂಪದಲ್ಲಿ ಆವರಣದೊಳಗೆ ಇಂಗ್ಲಿಷಿನಲ್ಲಿ 'ಸೆಟ್:' ಎಂದು ಬರೆದು, ಡಾಲರ್ ಚಿಹ್ನೆಯೊಡನೆ ಅಂಕಕ್ಕೆ ನೀವಿಟ್ಟ ಹೆಸರು ಕೊಟ್ಟು, 'ಟು ಇಟ್ + 1' ಎಂದು ಮುಗಿಸುತ್ತೀರಿ. ಹೈಪರ್‌ಟಾಕ್‌ನ ಆ ಸರ್ವನಾಮಕ್ಕೆ ಇಲ್ಲಿಯೂ ಒಂದು ಕುರ್ಚಿ ಸಿಕ್ಕಿದೆ. ಮೊದಲ ಹಾಳೆಯಲ್ಲಿ ಅಂಕವನ್ನು ಸೊನ್ನೆಗೆ ಇಡುವುದನ್ನು ಮರೆಯಬೇಡಿ. ಮುಗಿದ ಮೇಲೆ ಸಿಗುವುದು ಒಂದೇ ಎಚ್‌ಟಿಎಂಎಲ್ ಕಡತ. ಪೆನ್‌ಡ್ರೈವಿನಲ್ಲಿ ಹಾಕಿ ಯಾವ ಕಂಪ್ಯೂಟರಿನ ಬ್ರೌಸರಿನಲ್ಲಿ ಬೇಕಾದರೂ ತೆರೆಯಬಹುದು, ಇಂಟರ್ನೆಟ್ ಬೇಕಿಲ್ಲ. ಮತ್ತು ಅದೇ ಕಡತವನ್ನು ಟ್ವೈನ್‌ಗೆ ಇಂಪೋರ್ಟ್ ಮಾಡಿದರೆ ಎಲ್ಲ ಹಾಳೆಗಳೂ ತಿದ್ದುವ ಸ್ಥಿತಿಯಲ್ಲಿ ಮರಳಿ ಬಿಚ್ಚಿಕೊಳ್ಳುತ್ತವೆ. ರಸಪ್ರಶ್ನೆ ಆಡಿ ಮುಗಿಸಿದ ಮಕ್ಕಳಿಗೆ ಈ ಇಂಪೋರ್ಟ್ ಎಲ್ಲಿದೆ ಎಂಬುದನ್ನೂ ತೋರಿಸಿಕೊಡಿ.